ಬಾಗಿಲ ಬರಹವೂ ಪತ್ರಿಕೆಯ ಸುದ್ದಿಯೂ: 1990ರ ದಶಕದ ಎರಡು ವದಂತಿಗಳು

ಒಂದು ದಶಕವನ್ನು ದಾಖಲೆಗಳು ನೆನಪಿನಲ್ಲಿಡುವ ಬಗೆ ಬೇರೆ, ಜನಸಾಮಾನ್ಯರು ನೆನಪಿನಲ್ಲಿಡುವ ಬಗೆ ಬೇರೆ. 1990ರ ದಶಕದ ಚರಿತ್ರೆಯನ್ನು ಬರೆಯುವವರು 1991ರ ಆರ್ಥಿಕ ಸುಧಾರಣೆ, 1992ರಲ್ಲಿ ಆರಂಭವಾದ ಖಾಸಗಿ ಹಿಂದಿ ವಾಹಿನಿ, 1995ರ ಮೊಬೈಲ್ ದೂರವಾಣಿ ಇವುಗಳನ್ನು ಮೈಲುಗಲ್ಲುಗಳೆಂದು ಗುರುತಿಸುತ್ತಾರೆ. ಆದರೆ ಅದೇ ದಶಕವನ್ನು ಕರ್ನಾಟಕದ ಅನೇಕ ಮನೆಗಳು ಗಣಪತಿ ಹಾಲು ಕುಡಿದ ದಿನದಿಂದಲೂ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದ ರಾತ್ರಿಗಳಿಂದಲೂ ಗುರುತಿಸುತ್ತವೆ. ಈ ಎರಡೂ ವದಂತಿಗಳು ಜನರ ಬಾಯಿಂದ ಬಾಯಿಗೆ ಹರಡಿದವು. ಆದರೆ ಒಂದಕ್ಕೆ ದಾಖಲೆ ಇದೆ. ಇನ್ನೊಂದು ಹೆಚ್ಚಾಗಿ ನೆನಪಿನಲ್ಲಷ್ಟೇ ಉಳಿದಿದೆ. ಈ ವ್ಯತ್ಯಾಸದ ಪರಿಶೀಲನೆ ಪ್ರಸ್ತುತ ಲೇಖನದ ಉದ್ದೇಶ.

1995ರ ಸೆಪ್ಟೆಂಬರ್ 21, ಗುರುವಾರ. ದೆಹಲಿಯ ದಕ್ಷಿಣ ಭಾಗದ ದೇವಾಲಯವೊಂದರಲ್ಲಿ ಗಣೇಶನ ವಿಗ್ರಹವು ಚಮಚದಲ್ಲಿ ಹಿಡಿದ ಹಾಲನ್ನು ಕುಡಿಯಿತೆಂಬ ಸುದ್ದಿ ಬೆಳಗಾಗುವ ಮೊದಲೇ ಹೊರಟಿತು. ಅದೇ ದಿನ ಅದು ದೇಶದ ಉದ್ದಗಲಕ್ಕೂ, ಮುಂದುವರಿದು ಬ್ರಿಟನ್, ಅಮೆರಿಕ, ಕೆನಡಾಗಳಲ್ಲಿ ನೆಲೆಸಿದ ಭಾರತೀಯರ ದೇವಾಲಯಗಳಿಗೂ ತಲುಪಿತು. ಅಂದು ಸಾಮಾನ್ಯರ ಕೈಯಲ್ಲಿ ಮೊಬೈಲ್ ಇರಲಿಲ್ಲ. ಆ ಸೇವೆ ಆರಂಭವಾಗಿ ಎರಡು ತಿಂಗಳೂ ತುಂಬಿರಲಿಲ್ಲ. ಸುದ್ದಿಯನ್ನು ಹೊತ್ತದ್ದು ಎಸ್‌ಟಿಡಿ ಬೂತು, ಮನೆಯ ದೂರವಾಣಿ ಮತ್ತು ನೆರೆಹೊರೆಯ ಮಾತು. ದೂರದ ನೆಂಟರು ಕರೆಮಾಡಿ ‘ನಿಮ್ಮೂರಿನಲ್ಲಿಯೂ ನೋಡಿ’ ಎಂದಾಗ, ಕೇಳಿದವರು ಕೇವಲ ಶ್ರೋತೃಗಳಾಗಿ ಉಳಿಯಲಿಲ್ಲ. ಹಾಲು ಹಿಡಿದು ಸಾಕ್ಷಿಗಳಾದರು. ಈ ವದಂತಿಯ ಬಲ ಇದ್ದದ್ದು ಇಲ್ಲಿಯೇ. ನಂಬಿಕೆಯ ಪರೀಕ್ಷೆಗೆ ಒಂದು ಚಮಚ ಹಾಲು ಸಾಕಾಗಿತ್ತು.

ವಿಜ್ಞಾನಿಗಳ ವಿವರಣೆಯೂ ಬಹುಬೇಗ ಬಂದಿತು. ಚಮಚದ ಅಂಚಿನ ಹಾಲು ವಿಗ್ರಹಕ್ಕೆ ತಾಗಿದಾಗ ಮೇಲ್ಮೈ ಕರ್ಷಣದಿಂದ ಹೊರಗೆಳೆಯಲ್ಪಟ್ಟು, ಕಣ್ಣಿಗೆ ಕಾಣದಷ್ಟು ತೆಳುವಾದ ಪದರವಾಗಿ ಕಲ್ಲಿನ ಮೇಲೆ ಕೆಳಗಿಳಿಯುತ್ತದೆ. ಹಾಲಿಗೆ ಬಣ್ಣ ಬೆರೆಸಿ ಈ ಹರಿವನ್ನು ತೋರಿಸಲಾಯಿತು. ಪವಾಡ ಮತ್ತು ಅದರ ಖಂಡನೆ ಎರಡೂ ಪತ್ರಿಕೆ, ದೂರದರ್ಶನಗಳಲ್ಲಿ ಬಂದುದರಿಂದ ಈ ಘಟನೆಗೆ ದಿನಾಂಕ, ಚಿತ್ರ, ವಾದ, ಪ್ರತಿವಾದಗಳೆಲ್ಲ ದೊರೆತವು. 2006ರ ಆಗಸ್ಟ್‌ನಲ್ಲಿ ಇಂಥದೇ ಸುದ್ದಿ ಮತ್ತೆ ಹರಡಿದಾಗ 1995ರ ಘಟನೆಯೊಡನೆ ಹೋಲಿಸಿ ನೋಡಲು ಸಾಧ್ಯವಾದದ್ದು ಈ ದಾಖಲೆಯಿಂದಲೇ.

‘ನಾಳೆ ಬಾ’ ವದಂತಿಯ ಸ್ಥಿತಿ ಇದಕ್ಕಿಂತ ಭಿನ್ನ. ಅದೇ ದಶಕದಲ್ಲಿ ಬೆಂಗಳೂರು ಮತ್ತು ಕರ್ನಾಟಕದ ಇತರ ಊರುಗಳಲ್ಲಿ ಹಬ್ಬಿದ ಈ ಕಥನದಲ್ಲಿ ಹೆಣ್ಣು ದೆವ್ವವೊಂದು ರಾತ್ರಿ ಮನೆಮನೆಗೆ ಬಂದು, ಮನೆಯವರ ಪರಿಚಿತ ಧ್ವನಿಯಲ್ಲಿ ಕೂಗಿ ಬಾಗಿಲು ತಟ್ಟುತ್ತದೆ. ಬಾಗಿಲು ತೆರೆದವರಿಗೆ ಸಾವು. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರೆ ಅದು ಓದಿಕೊಂಡು ಹಿಂದಿರುಗುತ್ತದೆ. ಮರುದಿನ ಬಂದು ಅದನ್ನೇ ಓದಿ ಮತ್ತೆ ಹಿಂದಿರುಗುತ್ತದೆ. ಅವಳು ಗಂಡನನ್ನು ಅರಸುವ ಮದುವಣಗಿತ್ತಿ, ಮನೆಯ ಗಂಡಸನ್ನು ಒಯ್ಯುವವಳು ಎನ್ನುವ ಪಾಠವೂ ಉಂಟು. ಇಲ್ಲಿ ಖಂಡಿಸಲು ವಿಗ್ರಹವಿಲ್ಲ, ಬಣ್ಣ ಬೆರೆಸಲು ಹಾಲಿಲ್ಲ. ಉಳಿದ ಭೌತಿಕ ಕುರುಹೆಂದರೆ ಸೀಮೆಸುಣ್ಣದಲ್ಲೋ ಇದ್ದಿಲಿನಲ್ಲೋ ಬರೆದ ಎರಡು ಪದ ಮಾತ್ರ. ಅದೂ ಮುಂದಿನ ಸುಣ್ಣಬಣ್ಣದವರೆಗೆ.

ಈ ಎರಡು ಪದಗಳ ಹಿಂದೆ ಜನಪದ ಬದುಕಿನ ಹಳೆಯ ಎಳೆಗಳಿವೆ. ಒಂದು, ಕತ್ತಲಲ್ಲಿ ಬರುವ ಕೂಗಿಗೆ ಓಗೊಡಬಾರದೆಂಬ ನಂಬಿಕೆ. ಬಂಗಾಳದ ‘ನಿಶಿ’ಯ ಕಥನಗಳಲ್ಲಿಯೂ ಇದೇ ಆಶಯವಿದೆ. ಎರಡು, ಹೊಸಿಲನ್ನು ಒಳಗು ಹೊರಗುಗಳ ಗಡಿಯಾಗಿ ಕಾಯುವ ಆಚರಣೆ. ಮೂರು, ಅನಿಷ್ಟಶಕ್ತಿಯೊಡನೆ ಸೆಣಸದೆ ಅದನ್ನು ಉಪಾಯದಿಂದ ಸಾಗಹಾಕುವ ಕ್ರಮ. ರೋಗರುಜಿನಗಳು ಬಂದಾಗ ಮಾರಿಯನ್ನು ಪೂಜಿಸಿ, ಸಂತೋಷಪಡಿಸಿ ಊರ ಗಡಿ ದಾಟಿಸುವಲ್ಲಿಯೂ ಇದೇ ವಿವೇಕವಿದೆ. ‘ನಾಳೆ ಬಾ’ ಎನ್ನುವುದರಲ್ಲಿ ಬೈಗುಳವಿಲ್ಲ, ಶಾಪವಿಲ್ಲ. ಸಾಲ ಕೇಳಲು ಬಂದವನನ್ನು ಬಡ ಗೃಹಸ್ಥ ಬಾಗಿಲಿನಿಂದಲೇ ಕಳಿಸುವ ಮಾತು ಅದು. ಅಂಗಡಿಗಳ ‘ಇಂದು ನಗದು, ನಾಳೆ ಉದ್ದರಿ’ ಎಂಬ ಫಲಕ ದುಡಿಯುವುದೂ ಇದೇ ತರ್ಕದಿಂದ: ಬರಹದ ‘ನಾಳೆ’ ಎಂದಿಗೂ ‘ಇಂದು’ ಆಗದು. ನಿತ್ಯ ವ್ಯವಹಾರದ ಜಾಣ್ಮೆಯೇ ಇಲ್ಲಿ ರಕ್ಷಾಮಂತ್ರವಾಗಿದೆ.

ಈ ರಕ್ಷಾಮಂತ್ರವು ಉಚ್ಚರಿಸುವುದಲ್ಲ, ಬರೆಯುವುದು ಎಂಬುದು ಇನ್ನೂ ಗಮನಾರ್ಹ. ಮೌಖಿಕವಾಗಿ ಹರಡಿದ ಭಯಕ್ಕೆ ಪರಿಹಾರ ಅಕ್ಷರದಲ್ಲಿ ದೊರೆಯಿತು. ದೆವ್ವಕ್ಕೂ ಕನ್ನಡ ಓದಲು ಬರುತ್ತದೆಂಬ ಗ್ರಹಿಕೆ, ಅಕ್ಷರ ಮನೆಮನೆಗೆ ತಲುಪಿದ ಸಮಾಜದಲ್ಲಷ್ಟೇ ಹುಟ್ಟಬಲ್ಲದು. ಆದ್ದರಿಂದ ಇದನ್ನು ಹಳೆಯ ಮೌಢ್ಯದ ಪಳೆಯುಳಿಕೆಯೆಂದು ತಳ್ಳಿಹಾಕುವುದು ಸರಿಯಲ್ಲ. ಇದು ತನ್ನ ಕಾಲದ ನಗರ ಜಾನಪದ.

2018ರಲ್ಲಿ ತೆರೆಕಂಡ ‘ಸ್ತ್ರೀ’ ಎಂಬ ಹಿಂದಿ ಚಲನಚಿತ್ರ ಕರ್ನಾಟಕದ ಈ ವದಂತಿಯಿಂದ ಪ್ರೇರಿತವೆಂದು ಹೇಳಲಾಗಿದೆ. ಅದರಲ್ಲಿ ಕಥೆ ಮಧ್ಯಪ್ರದೇಶದ ಚಂದೇರಿಗೆ ಸಾಗಿ, ಬಾಗಿಲ ಬರಹ ಹಿಂದಿಯಾಗಿ, ದೆವ್ವಕ್ಕೆ ಒಂದು ಪೂರ್ವಕಥೆಯೂ ದೊರೆತಿದೆ. ಕಥೆಗಳು ಊರಿಂದೂರಿಗೆ ವಲಸೆ ಹೋಗುವುದು ಸಹಜ, ಅದಕ್ಕೆ ಆಕ್ಷೇಪವಿಲ್ಲ. ಆದರೆ ಮುದ್ರಿತ ಪಾಠವೊಂದು ಬಂದ ಮೇಲೆ ಮೌಖಿಕ ಪಾಠಗಳು ಅದರಂತೆಯೇ ತಿದ್ದಿಕೊಳ್ಳುವುದನ್ನು ಜಾನಪದ ವಿದ್ವಾಂಸರು ಬಲ್ಲರು. ತೆರೆಯ ಪಾಠಕ್ಕೂ ಈ ಮಾತು ಸಲ್ಲುತ್ತದೆ. ಇನ್ನು ಮುಂದೆ ಈ ನೆನಪನ್ನು ಹೇಳುವವರು ತಮ್ಮ ಬೀದಿಯ ಕಥೆಯನ್ನು ಹೇಳುತ್ತಿದ್ದಾರೋ ತೆರೆಯ ಕಥೆಯನ್ನೋ ಎಂದು ಬೇರ್ಪಡಿಸುವುದು ಕಷ್ಟವಾಗಲಿದೆ.

ಕರ್ನಾಟಕದ ಜಾನಪದ ಸಂಗ್ರಹಕಾರ್ಯವು ಮಲೆಯ ಮಾದೇಶ್ವರ, ಮಂಟೇಸ್ವಾಮಿ ಮೊದಲಾದ ಮಹಾಕಾವ್ಯಗಳನ್ನು ಉಳಿಸಿಕೊಟ್ಟಿದೆ. ಆ ಕಾವ್ಯಗಳಿಗೆ ನೀಲಗಾರರು, ಕಂಸಾಳೆಯವರು ಎಂಬ ವಾರಸುದಾರರಿದ್ದರು. ವದಂತಿಗೆ ಅಂಥ ವೃತ್ತಿಗಾಯಕರಿಲ್ಲ. ಅದರ ವಾರಸುದಾರರು ಅಂದು ಬಾಗಿಲು ಭದ್ರಪಡಿಸಿದ ತಾಯಂದಿರು, ಸೀಮೆಸುಣ್ಣ ಹಿಡಿದ ಮಕ್ಕಳು. ಆ ಮಕ್ಕಳು ಈಗ ನಡುವಯಸ್ಸಿನವರು. ಯಾವ ಬೀದಿಯಲ್ಲಿ, ಯಾರ ಕೈಬರಹದಲ್ಲಿ, ಎಷ್ಟು ದಿನ ಆ ಅಕ್ಷರಗಳಿದ್ದವು ಎಂಬುದನ್ನು ಹೇಳಬಲ್ಲವರು ಇರುವಾಗಲೇ ಕೇಳಿ ಬರೆದಿಡಬೇಕಾಗಿದೆ. ಜಾನಪದ ಅಧ್ಯಯನವೂ ಈ ಕೆಲಸಕ್ಕೆ ‘ನಾಳೆ ಬಾ’ ಎಂದರೆ, ಆ ದಶಕದ ಚರಿತ್ರೆ ಪತ್ರಿಕೆಗಳು ಕಂಡಷ್ಟಕ್ಕೇ ಸೀಮಿತವಾಗುತ್ತದೆ.