ಇಪ್ಪತ್ನಾಲ್ಕು ಸೆಕೆಂಡಿನ ಗೋಡೆ

ಹತ್ತೊಂಬತ್ತು–ಹದಿನೆಂಟು. ಯಾವುದೋ ಕಬಡ್ಡಿ ಪಂದ್ಯದ ಅಂಕ ಇರಬೇಕೆಂದು ಓದುಗರು ಭಾವಿಸಿದರೆ ಅದು ಅವರ ತಪ್ಪಲ್ಲ. ಇದು ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಚರಿತ್ರೆಯಲ್ಲೇ ಅತ್ಯಂತ ಕಡಿಮೆ ಅಂಕಗಳ ಪಂದ್ಯ. 1950ರ ನವೆಂಬರ್ 22ರಂದು ಫೋರ್ಟ್ ವೇನ್ ಪಿಸ್ಟನ್ಸ್ ತಂಡ ಮಿನಿಯಾಪೊಲಿಸ್ ಲೇಕರ್ಸ್ ತಂಡವನ್ನು ಅದರ ಸ್ವಂತ ಅಂಗಳದಲ್ಲೇ ಒಂದು ಅಂಕದಿಂದ ಸೋಲಿಸಿತು. ನಲವತ್ತೆಂಟು ನಿಮಿಷದ ಆಟದಲ್ಲಿ ಎರಡೂ ತಂಡಗಳು ಸೇರಿ ಆಟದ ಓಟದಲ್ಲಿ ಚೆಂಡನ್ನು ಬುಟ್ಟಿಗೆ ಹಾಕಿದ್ದು ಕೇವಲ ಎಂಟು ಸಲ. ಉಳಿದ ಅಂಕಗಳೆಲ್ಲ ಫ್ರೀ ಥ್ರೋಗಳಿಂದ ಬಂದವು.

ಪಿಸ್ಟನ್ಸ್ ಕೋಚ್ ಹೂಡಿದ ಉಪಾಯ ಸರಳ. ಲೇಕರ್ಸ್ ಬಳಿ ಜಾರ್ಜ್ ಮೈಕನ್ ಎಂಬ ದೈತ್ಯನಿದ್ದ. ಅವನ ಕೈಗೆ ಚೆಂಡು ಸಿಕ್ಕರೆ ತಡೆಯುವವರಿರಲಿಲ್ಲ. ಹಾಗಾದರೆ ಚೆಂಡು ಸಿಗದ ಹಾಗೆ ಮಾಡಿದರೆ? ಪಿಸ್ಟನ್ಸ್ ಆಟಗಾರರು ಚೆಂಡನ್ನು ಹಿಡಿದುಕೊಂಡು ನಿಂತರು. ಬೇಕಾದಾಗ ಒಬ್ಬರಿಗೊಬ್ಬರು ದಾಟಿಸಿದರು, ಮತ್ತೆ ನಿಂತರು. ದುಡ್ಡು ಕೊಟ್ಟು ಬಂದ ಪ್ರೇಕ್ಷಕರು ಕೂಗಾಡಿದರು. ಅಷ್ಟಾದರೂ ಲೇಕರ್ಸ್‌ನ 18 ಅಂಕಗಳಲ್ಲಿ 15 ಮೈಕನ್‌ನವೇ! ಕೊನೆಯ ಹದಿನೆರಡು ನಿಮಿಷದಲ್ಲಿ ಪಿಸ್ಟನ್ಸ್ ಮೂರು ಅಂಕ, ಲೇಕರ್ಸ್ ಒಂದು ಅಂಕ ಗಳಿಸಿದವು. ರಕ್ಷಣೆಯ ಆಟವನ್ನು ಇದಕ್ಕಿಂತ ಮುಂದಕ್ಕೆ ಒಯ್ಯುವುದು ಸಾಧ್ಯವಿರಲಿಲ್ಲ. ಒಯ್ದರೆ ನೋಡಲು ಜನ ಉಳಿಯುತ್ತಿರಲಿಲ್ಲ.

ಲೀಗಿನ ಮಾಲೀಕರಿಗೆ ಇದು ಅರ್ಥವಾಗಲು ನಾಲ್ಕು ವರ್ಷ ಹಿಡಿಯಿತು. ಸಿರಾಕ್ಯೂಸ್ ತಂಡದ ಒಡೆಯ ಡ್ಯಾನಿ ಬಯಾಸೋನ್ ಒಂದು ಲೆಕ್ಕ ಹಾಕಿದರು. ಜನ ಮೆಚ್ಚಿದ ಒಳ್ಳೆಯ ಪಂದ್ಯದಲ್ಲಿ ಎರಡೂ ತಂಡಗಳು ಸೇರಿ ಸುಮಾರು 120 ಬಾರಿ ಬುಟ್ಟಿಗೆ ಎಸೆಯುತ್ತವೆ. ನಲವತ್ತೆಂಟು ನಿಮಿಷ ಎಂದರೆ 2,880 ಸೆಕೆಂಡು. ಅದನ್ನು 120ರಿಂದ ಭಾಗಿಸಿದರೆ 24. ಅಷ್ಟರೊಳಗೆ ಚೆಂಡನ್ನು ಎಸೆಯಲೇಬೇಕು, ಇಲ್ಲವಾದರೆ ಎದುರಾಳಿಗೆ ಒಪ್ಪಿಸಬೇಕು. 1954-55ರ ಋತುವಿನಿಂದ ಈ 'ಶಾಟ್ ಕ್ಲಾಕ್' ಜಾರಿಗೆ ಬಂತು. ಹಿಂದಿನ ವರ್ಷ ಒಂದು ತಂಡದ ಸರಾಸರಿ ಗಳಿಕೆ ಪಂದ್ಯಕ್ಕೆ 79.5 ಅಂಕವಿತ್ತು. ಅದು ಒಮ್ಮೆಲೇ 93.1ಕ್ಕೆ ಏರಿತು. ಆ ವರ್ಷದ ಪ್ರಶಸ್ತಿಗಾಗಿ ಕೊನೆಗೆ ಎದುರು ನಿಂತವರು ಬಯಾಸೋನರ ಸಿರಾಕ್ಯೂಸ್ ಮತ್ತು ಅದೇ ಪಿಸ್ಟನ್ಸ್. ಏಳನೆಯ ಪಂದ್ಯದಲ್ಲಿ ಸಿರಾಕ್ಯೂಸ್ 92–91ರಿಂದ ಗೆದ್ದಿತು. ಚೆಂಡು ಬಚ್ಚಿಟ್ಟವರಿಗೆ ಗಡಿಯಾರ ತಂದವರೇ ಪಾಠ ಕಲಿಸಿದಂತಾಯಿತು.

ಅರ್ಧ ಶತಮಾನದ ಬಳಿಕ, ಗಡಿಯಾರವನ್ನು ಎದುರಾಳಿಯ ಮೇಲೇ ತಿರುಗಿಸಿ ನಿಲ್ಲಿಸಿದ್ದೂ ಇದೇ ಪಿಸ್ಟನ್ಸ್. ನಿಜವಾದ ಕಥೆ ಅದು.

ಈ ನಡುವೆ 1957ರಲ್ಲಿ ತಂಡ ಇಂಡಿಯಾನಾದ ಫೋರ್ಟ್ ವೇನ್ ಬಿಟ್ಟು ಮೋಟಾರು ಕಾರುಗಳ ನಗರ ಡೆಟ್ರಾಯ್ಟ್‌ಗೆ ಬಂದಿತ್ತು. ಪಿಸ್ಟನ್ ಎಂಬ ಹೆಸರು ಕಾರಿನೂರಿಗಾಗಿಯೇ ಇಟ್ಟದ್ದಲ್ಲ. ತಂಡ ಕಟ್ಟಿದ ಫ್ರೆಡ್ ಝೋಲ್ನರ್ ಫೋರ್ಟ್ ವೇನ್‌ನಲ್ಲಿ ಪಿಸ್ಟನ್ ತಯಾರಿಸುವ ಕಾರ್ಖಾನೆಯ ಮಾಲೀಕರಾಗಿದ್ದರು. 1989 ಮತ್ತು 1990ರಲ್ಲಿ 'ಬ್ಯಾಡ್ ಬಾಯ್ಸ್' ಎಂಬ ಬಿರುದು ಹೊತ್ತು, ಮೈಕೆಲ್ ಜೋರ್ಡನ್‌ನಂಥವನನ್ನೂ ನೆಲಕ್ಕೆ ಕೆಡವಿ ಎರಡು ಪ್ರಶಸ್ತಿ ಗೆದ್ದದ್ದೂ ಈ ತಂಡವೇ. ಆಗಿನ ಆಟಗಾರ ಜೋ ಡ್ಯೂಮಾರ್ಸ್ 2000ದ ದಶಕದ ಆರಂಭದಲ್ಲಿ ತಂಡದ ಆಡಳಿತದ ಮುಖ್ಯಸ್ಥರಾಗಿದ್ದರು.

ಡ್ಯೂಮಾರ್ಸ್ ಕಟ್ಟಿದ ತಂಡದ ವಿಶೇಷವೆಂದರೆ ಅದರಲ್ಲಿ ಬೇರೆಯವರು ಬೇಡವೆಂದವರೇ ಹೆಚ್ಚು. ಚಾನ್ಸಿ ಬಿಲಪ್ಸ್ ಹಲವು ತಂಡ ಸುತ್ತಿ ಬಂದವನು. ರಿಚರ್ಡ್ ಹ್ಯಾಮಿಲ್ಟನ್‌ನನ್ನು ವಾಷಿಂಗ್ಟನ್ ತಂಡ ಬಿಟ್ಟುಕೊಟ್ಟಿತ್ತು. ಉದ್ದ ಕೈಗಳ, ಕಡ್ಡಿಯಂಥ ಮೈಯ ಟೇಶಾನ್ ಪ್ರಿನ್ಸ್ 2002ರ ಡ್ರಾಫ್ಟಿನಲ್ಲಿ 23ನೆಯವನಾಗಿ ಆಯ್ಕೆಯಾದವನು. ಇನ್ನು ಬೆನ್ ವ್ಯಾಲೇಸ್. ಅಲಬಾಮಾದ ಹಳ್ಳಿಗಾಡಿನಿಂದ ಬಂದ ಈತನನ್ನು 1996ರ ಡ್ರಾಫ್ಟಿನಲ್ಲಿ ಒಬ್ಬರೂ ಕೇಳಲೇ ಇಲ್ಲ. 2000ದಲ್ಲಿ ಗ್ರ್ಯಾಂಟ್ ಹಿಲ್ ಎಂಬ ತಾರೆ ಡೆಟ್ರಾಯ್ಟ್ ಬಿಟ್ಟು ಹೋದಾಗ ಬದಲಿಗೆ ಬಂದ ಸಾಮಾನಿನ ಹಾಗೆ ಈತ ಬಂದ. ಪಂದ್ಯಕ್ಕೆ ಹತ್ತು ಅಂಕವನ್ನೂ ಗಳಿಸದ ಇವನು 2002 ಮತ್ತು 2003ರಲ್ಲಿ ಲೀಗಿನ ಶ್ರೇಷ್ಠ ರಕ್ಷಣಾ ಆಟಗಾರ. ಕ್ರಿಕೆಟ್ಟಿನಲ್ಲಿ ದ್ರಾವಿಡ್ ಅವರನ್ನು 'ಗೋಡೆ' ಎಂದು ಕೊಂಡಾಡಿದ ನಮಗೆ ಇಂಥವನ ಬೆಲೆ ತಿಳಿಯುವುದು ಕಷ್ಟವಲ್ಲ. ಆದರೆ ದ್ರಾವಿಡರ ರಕ್ಷಣೆ ಕೊನೆಗೆ ರನ್ನುಗಳಾಗಿ ಸ್ಕೋರ್ ಬೋರ್ಡಿನಲ್ಲಿ ಕಾಣುತ್ತಿತ್ತು. ವ್ಯಾಲೇಸನದು ಕಾಣುತ್ತಿದ್ದುದು ಎದುರಾಳಿಯ ಅಂಕಣದಲ್ಲಿ, ಅದೂ ಇಲ್ಲದ ಅಂಕಗಳಾಗಿ.

2003ರ ಬೇಸಿಗೆಯಲ್ಲಿ ಡ್ಯೂಮಾರ್ಸ್ ಒಂದು ಕಠಿಣ ಕೆಲಸ ಮಾಡಿದರು. ಎರಡು ವರ್ಷ ಸತತ 50 ಪಂದ್ಯ ಗೆಲ್ಲಿಸಿಕೊಟ್ಟ ಕೋಚ್ ರಿಕ್ ಕಾರ್ಲೈಲ್‌ರನ್ನು ಮನೆಗೆ ಕಳಿಸಿ ಲ್ಯಾರಿ ಬ್ರೌನ್‌ರನ್ನು ಕರೆತಂದರು. ಬ್ರೌನ್ ಅವರ ಗುರುಪರಂಪರೆ ಕುತೂಹಲಕರ. ಅವರು ಡೀನ್ ಸ್ಮಿತ್‌ರ ಶಿಷ್ಯ, ಸ್ಮಿತ್ ಕಾನ್ಸಸ್‌ನ ಫಾಗ್ ಆಲೆನ್‌ರ ಶಿಷ್ಯ, ಆಲೆನ್ 1891ರಲ್ಲಿ ಈ ಆಟವನ್ನೇ ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್‌ರ ಶಿಷ್ಯ. ನಮ್ಮ ಸಂಗೀತಗಾರರ ಹಾಗೆ ಬ್ರೌನ್ ಕೂಡ 'ಸರಿಯಾದ ಪಾಠ' ಎಂದರೆ ಬಿಡದ ಮನುಷ್ಯ. ಎಲ್ಲಿ ಹೋದರೂ ಮೊದಲು ರಕ್ಷಣೆ, ಆಮೇಲೆ ಉಳಿದದ್ದು.

ಋತು ಏರಿಳಿತದಲ್ಲೇ ಸಾಗಿತು. ಚಳಿಗಾಲದಲ್ಲಿ ಸತತ 13 ಪಂದ್ಯ ಗೆದ್ದ ತಂಡ ಆಮೇಲೆ ಮುಗ್ಗರಿಸಿತು. ಫೆಬ್ರವರಿ ನಡುವಿನಲ್ಲಿ 34 ಗೆಲುವು, 22 ಸೋಲು. ಒಳ್ಳೆಯ ತಂಡವೇ, ಆದರೆ ಪ್ರಶಸ್ತಿ ಗೆಲ್ಲುವ ತಂಡವಲ್ಲ. ಫೆಬ್ರವರಿ 19ರಂದು ಮೂರು ತಂಡಗಳ ನಡುವಿನ ಒಪ್ಪಂದದಲ್ಲಿ ಡೆಟ್ರಾಯ್ಟ್‌ಗೆ ಇನ್ನೊಬ್ಬ ವ್ಯಾಲೇಸ್ ಬಂದ. ಹೆಸರು ರಶೀದ್, ಬೆನ್‌ಗೆ ನೆಂಟನೇನಲ್ಲ. ಆರಡಿ ಹನ್ನೊಂದು ಅಂಗುಲದ ಈತ ಅಪಾರ ಪ್ರತಿಭಾವಂತ, ಅಷ್ಟೇ ಬಾಯಿಬಡುಕ. 2000-01ರಲ್ಲಿ ಒಂದೇ ಋತುವಿನಲ್ಲಿ 41 ಟೆಕ್ನಿಕಲ್ ಫೌಲ್ ಹೊಡೆಸಿಕೊಂಡು ದಾಖಲೆ ಮಾಡಿದವನು! ಪೋರ್ಟ್‌ಲ್ಯಾಂಡ್ ತಂಡ ಅವನನ್ನು ಅಟ್ಲಾಂಟಾಗೆ ದಾಟಿಸಿತ್ತು. ಅಲ್ಲಿ ಆಡಿದ್ದು ಒಂದೇ ಪಂದ್ಯ, ಮತ್ತೆ ಗಂಟುಮೂಟೆ.

ರಶೀದ್ ಬಂದ ಮೇಲೆ ಬದಲಾದದ್ದೇನು? ಇದಕ್ಕೆ ಆಟದ ಒಳಗುಟ್ಟು ಸ್ವಲ್ಪ ತಿಳಿಯಬೇಕು. ಅಲ್ಲಿಯವರೆಗೆ ಬೆನ್ ವ್ಯಾಲೇಸ್ ಎರಡು ನೌಕರಿ ಮಾಡುತ್ತಿದ್ದ. ಎದುರಾಳಿಯ ಅತಿ ಎತ್ತರದ ಆಟಗಾರನಿಗೆ ಬೆನ್ನುಕೊಟ್ಟು ನಿಲ್ಲಬೇಕು. ಬೇರೆ ಯಾರಾದರೂ ನುಗ್ಗಿ ಬಂದರೆ ಅವನನ್ನು ಬಿಟ್ಟು ಬುಟ್ಟಿಯ ಬಳಿ ಹಾರಬೇಕು. ಎರಡರಲ್ಲಿ ಒಂದು ಕಡೆ ತೂತು ಬೀಳುವುದು ಸಹಜ. ರಶೀದ್ ಬಂದ ಮೇಲೆ ಎತ್ತರದವನ ಹೊಣೆಯನ್ನು ಅವನಿಗೆ ವಹಿಸಬಹುದಾಯಿತು. ಬೆನ್ ಅಂಗಳದ ತುಂಬ ಸುತ್ತುವ ಕಾವಲುಗಾರನಾದ. ಇನ್ನೊಂದು ಸಂಗತಿ ರಶೀದನ ಬಾಯಿ. ರೆಫರಿಗಳಿಗೆ ತಲೆನೋವಾಗಿದ್ದ ಅದೇ ಬಾಯಿ ಇಲ್ಲಿ ಉಪಯೋಗಕ್ಕೆ ಬಂತು. ಎದುರಾಳಿ ಅಡ್ಡಗಟ್ಟಲು ಎಲ್ಲಿಂದ ಬರುತ್ತಿದ್ದಾನೆ, ಯಾರು ಯಾರನ್ನು ಬದಲಿಸಿಕೊಳ್ಳಬೇಕು ಎಂದು ಹಿಂದಿನಿಂದ ಒಂದೇ ಸಮನೆ ಕೂಗಿ ಹೇಳುತ್ತಿದ್ದ. ಕಬಡ್ಡಿಯಲ್ಲಿ ಮೂಲೆಯವನು ಕಾಲಿಗೆ ಬಿದ್ದ ಕ್ಷಣವೇ ಸರಪಳಿಯವರು ಮುಗಿಬೀಳುತ್ತಾರಲ್ಲ, ಒಬ್ಬ ಅರೆಕ್ಷಣ ತಡಮಾಡಿದರೂ ರೈಡರ್ ಗೆರೆ ಮುಟ್ಟುತ್ತಾನೆ. ಇಲ್ಲಿಯೂ ಲೆಕ್ಕ ಅಷ್ಟೇ ಸೂಕ್ಷ್ಮ.

ಪತ್ರಿಕೆಗಳು ಹೆಚ್ಚು ಗಮನಿಸದ ಇನ್ನೊಂದು ಲಾಭವೂ ಇತ್ತು. ಅದೇ ಒಪ್ಪಂದದಲ್ಲಿ ಮೈಕ್ ಜೇಮ್ಸ್ ಎಂಬ ಗಾರ್ಡ್ ಬಂದ. ಒಪ್ಪಂದದ ಪ್ರಕಾರ ಬೋಸ್ಟನ್‌ಗೆ ಹೋಗಿದ್ದ ಲಿಂಡ್ಸಿ ಹಂಟರ್‌ನನ್ನು ಬೋಸ್ಟನ್ ಕೈಬಿಟ್ಟಿತು, ಅವನು ಡೆಟ್ರಾಯ್ಟ್‌ಗೇ ವಾಪಸಾದ. ಬೆಂಚಿನಿಂದ ಎದ್ದು ಬರುವ ಈ ಜೋಡಿಯ ಕೆಲಸ ಎದುರಾಳಿಯ ಚೆಂಡು ಹೊತ್ತವನನ್ನು ಅವನ ಅಂಗಳದಲ್ಲೇ ಹಿಡಿದು ಕಾಡುವುದು. ಅವನು ತಿಣುಕಿ ಅರ್ಧಗೆರೆ ದಾಟುವಷ್ಟರಲ್ಲಿ ಏಳೆಂಟು ಸೆಕೆಂಡು ಖರ್ಚು. ಆಟ ಹೂಡಲು ಇನ್ನು ಉಳಿದದ್ದು ಹದಿನಾರು. ಮೊದಲ ಯತ್ನವನ್ನು ಪ್ರಿನ್ಸ್‌ನ ಕೈ ತಡೆಯುತ್ತದೆ. ಎರಡನೆಯದಕ್ಕೆ ದಾರಿ ಹುಡುಕುವಷ್ಟರಲ್ಲಿ ಐದು ಸೆಕೆಂಡು ಉಳಿದಿರುತ್ತದೆ. ಕೊನೆಗೆ ದೂರದಿಂದ, ಮೈ ತಿರುಚಿ, ಮನಸ್ಸಿಲ್ಲದೆ ಒಂದು ಎಸೆತ. ಬಯಾಸೋನರ ಇಪ್ಪತ್ನಾಲ್ಕು ಸೆಕೆಂಡು ಚೆಂಡು ಬಚ್ಚಿಡುವವರನ್ನು ಶಿಕ್ಷಿಸಲು ಬಂದದ್ದು. ಈಗ ಅದು ಚೆಂಡು ಎಸೆಯಲು ಬಯಸುವವರಿಗೇ ಬಲೆಯಾಯಿತು.

ಮಾರ್ಚ್ ತಿಂಗಳಲ್ಲಿ ಪಿಸ್ಟನ್ಸ್ ಸತತ ಐದು ಎದುರಾಳಿಗಳನ್ನು 70 ಅಂಕದೊಳಗೆ ಕಟ್ಟಿಹಾಕಿತು. ಶಾಟ್ ಕ್ಲಾಕ್ ಬಂದ ಮೇಲೆ ಯಾವ ತಂಡವೂ ಹೀಗೆ ಮಾಡಿರಲಿಲ್ಲ. ಇಡೀ ಋತುವಿನಲ್ಲಿ 70 ಮುಟ್ಟದೆ ಹೋದ ಎದುರಾಳಿಗಳ ಸಂಖ್ಯೆ ಹನ್ನೊಂದು, ಅದೂ ದಾಖಲೆಯೇ. ರಶೀದ್ ಬಂದ ಮೇಲಿನ 26 ಪಂದ್ಯಗಳಲ್ಲಿ 20 ಗೆಲುವು. ಋತು ಮುಗಿದಾಗ ಎದುರಾಳಿಗಳ ಸರಾಸರಿ ಗಳಿಕೆ 84.3.

ಇದನ್ನೆಲ್ಲ ಓದಿ ಅಮೆರಿಕ ಕುಣಿದಾಡಿತೆಂದು ತಿಳಿಯಬೇಡಿ. ಬಹಳ ಜನರಿಗೆ ಇದು ಬೇಸರದ ಆಟ. ಪ್ಲೇ ಆಫ್‌ನಲ್ಲಿ ನ್ಯೂಜೆರ್ಸಿ ತಂಡ ಒಂದು ಪಂದ್ಯದಲ್ಲಿ ಗಳಿಸಿದ್ದು 56 ಅಂಕ. ಪೂರ್ವ ವಿಭಾಗದ ಅಂತಿಮ ಹಂತದಲ್ಲಿ ಎದುರಾದದ್ದು 61 ಪಂದ್ಯ ಗೆದ್ದಿದ್ದ ಇಂಡಿಯಾನಾ. ಅದರ ಕೋಚ್ ಯಾರು? ಡೆಟ್ರಾಯ್ಟ್ ಮನೆಗೆ ಕಳಿಸಿದ್ದ ಅದೇ ಕಾರ್ಲೈಲ್! ಆ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರ ಪ್ರಶಸ್ತಿಯೂ ಬೆನ್ ಕೈತಪ್ಪಿ ಇಂಡಿಯಾನಾದ ರಾನ್ ಆರ್ಟೆಸ್ಟ್ ಪಾಲಾಗಿತ್ತು. ಆರನೆಯ, ಕೊನೆಯ ಪಂದ್ಯದ ಅಂಕ 69–65. ಕಾಲೇಜು ಹುಡುಗರ ಪಂದ್ಯದಂತೆ ಕಾಣುತ್ತದೆ, ನಿಜ.

ಆದರೆ ಈ ಸರಣಿಯ ಎರಡನೆಯ ಪಂದ್ಯದ ಒಂದು ದೃಶ್ಯವನ್ನು ಇವತ್ತು ವಿಡಿಯೊದಲ್ಲಿ ನೋಡಿದರೂ ಮೈ ಜುಮ್ಮೆನ್ನುತ್ತದೆ. 2004ರ ಮೇ 24. ಕೊನೆಯ ಕ್ಷಣಗಳು, ಡೆಟ್ರಾಯ್ಟ್ ಎರಡೇ ಅಂಕ ಮುಂದೆ. ಚೆಂಡು ಸಿಕ್ಕ ಇಂಡಿಯಾನಾದ ಹಿರಿಯ ರೆಜಿ ಮಿಲ್ಲರ್ ಒಬ್ಬನೇ ಖಾಲಿ ಅಂಗಳದಲ್ಲಿ ಬುಟ್ಟಿಯತ್ತ ಓಡಿದ. ಸಮ ಆಯಿತೆಂದು ಪ್ರೇಕ್ಷಕರು ಎದ್ದು ನಿಂತರು. ಹಿಂದಿನಿಂದ ದಾಪುಗಾಲಿಟ್ಟು ಬಂದ ಪ್ರಿನ್ಸ್ ಹಾರಿ, ಚೆಂಡು ಹಲಗೆ ಮುಟ್ಟುವ ಮುನ್ನ ಅದನ್ನು ಹೊಡೆದು ಕೆಡವಿದ. ಹಾರಿದ ರಭಸಕ್ಕೆ ತಾನು ಪ್ರೇಕ್ಷಕರ ನಡುವೆ ಹೋಗಿಬಿದ್ದ. ಆ ಪಂದ್ಯದಲ್ಲಿ ಡೆಟ್ರಾಯ್ಟ್ ಹೀಗೆ ತಡೆದ ಎಸೆತಗಳು 19. ಬೇಸರದ ಆಟ ಎನ್ನುವವರು ಇದನ್ನು ಯಾವ ಖಾತೆಗೆ ಬರೆಯುತ್ತಾರೋ!

ಫೈನಲ್‌ನಲ್ಲಿ ಎದುರಾದದ್ದು ಲೇಕರ್ಸ್. 1960ರಲ್ಲೇ ಮಿನಿಯಾಪೊಲಿಸ್ ಬಿಟ್ಟು ಲಾಸ್ ಏಂಜಲೀಸ್ ಸೇರಿದ್ದ ಈ ತಂಡದಲ್ಲಿ ಶಕೀಲ್ ಒ'ನೀಲ್, ಕೋಬಿ ಬ್ರ್ಯಾಂಟ್, ಜೊತೆಗೆ ಮುಪ್ಪಿನಲ್ಲಿ ಪ್ರಶಸ್ತಿ ಹುಡುಕಿ ಬಂದ ಕಾರ್ಲ್ ಮಲೋನ್ ಮತ್ತು ಗ್ಯಾರಿ ಪೇಟನ್ ಇದ್ದರು. ಡೆಟ್ರಾಯ್ಟ್ ಗೆಲ್ಲುವುದೆಂದು ಪಣ ಕಟ್ಟಿದವರು ವಿರಳ. ಬ್ರೌನ್ ಮಾತ್ರ ಒಂದು ನಿರ್ಧಾರಕ್ಕೆ ಬಂದಿದ್ದರು. ಎಲ್ಲರೂ ದೈತ್ಯ ಒ'ನೀಲ್ ಮೇಲೆ ಇಬ್ಬರನ್ನು ಬಿಡುತ್ತಿದ್ದರು, ಆಗ ಉಳಿದವರು ಬಿಡುವಾಗಿ ಎಸೆಯುತ್ತಿದ್ದರು. ಬ್ರೌನ್ ಒಬ್ಬನನ್ನೇ ನಿಲ್ಲಿಸಿದರು. ಒ'ನೀಲ್ ಗಳಿಸುವುದನ್ನು ಗಳಿಸಿಕೊಳ್ಳಲಿ, ಉಳಿದ ನಾಲ್ವರಿಗೆ ಉಸಿರಾಡಲು ಬಿಡಬೇಡಿ. ಒ'ನೀಲ್ ಪಂದ್ಯಕ್ಕೆ 26ರ ಮೇಲೆ ಗಳಿಸಿದ. ಪ್ರಿನ್ಸ್ ನೆರಳಿನಂತೆ ಅಂಟಿಕೊಂಡಿದ್ದ ಬ್ರ್ಯಾಂಟ್ ಎಸೆದ ಹತ್ತು ಎಸೆತಗಳಲ್ಲಿ ನಾಲ್ಕೂ ಒಳಗೆ ಬೀಳಲಿಲ್ಲ.

ಎರಡನೆಯ ಪಂದ್ಯದ ಕೊನೆಯಲ್ಲಿ ಬ್ರ್ಯಾಂಟ್ ದೂರದಿಂದ ಎಸೆದು ಸಮ ಮಾಡಿ, ಹೆಚ್ಚುವರಿ ಅವಧಿಯಲ್ಲಿ ಲೇಕರ್ಸ್ ಗೆದ್ದಿತು. ಅದೊಂದೇ. ಡೆಟ್ರಾಯ್ಟ್‌ನ ಹೊರವಲಯ ಆಬರ್ನ್ ಹಿಲ್ಸ್‌ನಲ್ಲಿ ನಡೆದ ಮೂರನೆಯ ಪಂದ್ಯದಲ್ಲಿ ಲೇಕರ್ಸ್ 68ಕ್ಕೆ ನಿಂತಿತು. ಶಾಟ್ ಕ್ಲಾಕ್ ಬಂದ ಮೇಲೆ ಅಲ್ಲಿಯವರೆಗಿನ ಪ್ಲೇ ಆಫ್ ಪಂದ್ಯಗಳಲ್ಲಿ ಅದರ ಕನಿಷ್ಠ ಮೊತ್ತ ಅದು. ಜೂನ್ 15ರಂದು 100–87ರಿಂದ ಐದನೆಯ ಪಂದ್ಯ ಗೆದ್ದು ಡೆಟ್ರಾಯ್ಟ್ 4–1ರಿಂದ ಪ್ರಶಸ್ತಿ ಪಡೆಯಿತು. ಮೂರು ವರ್ಷಗಳ ಹಿಂದೆ ಫಿಲಡೆಲ್ಫಿಯಾ ಕೋಚ್ ಆಗಿದ್ದ ಬ್ರೌನ್ ಇದೇ ಲೇಕರ್ಸ್ ಎದುರು ಇದೇ 4–1ರಿಂದ ಸೋತಿದ್ದರು.

ಇನ್ನು ಲೀಗಿನ ಪುಸ್ತಕ ನೋಡೋಣ. ಪಿಸ್ಟನ್ಸ್ ಗೆದ್ದ 2003-04ರಲ್ಲಿ ಒಂದು ತಂಡದ ಸರಾಸರಿ ಗಳಿಕೆ 93.4 ಅಂಕ. ಗಡಿಯಾರ ಬಂದ ಮೊದಲ ವರ್ಷದ ಅಂಕಿ 93.1 ಎಂಬುದು ನೆನಪಿರಬಹುದು. ಅಂದರೆ ನಡುವಿನ ದಶಕಗಳಲ್ಲಿ ನೂರು ದಾಟಿ ಮೆರೆದಿದ್ದ ಆಟ ಐವತ್ತು ವರ್ಷ ಸುತ್ತಿ ಹೊರಟಲ್ಲಿಗೇ ಬಂದು ನಿಂತಿತ್ತು. ಇದು ಡೆಟ್ರಾಯ್ಟ್ ಒಂದರ ಕೈವಾಡವಲ್ಲ. ಹತ್ತು ವರ್ಷದಿಂದಲೂ ಲೀಗಿನ ತುಂಬ ರಕ್ಷಣೆ ಬಿಗಿಯಾಗುತ್ತ ಬಂದಿತ್ತು, ಡೆಟ್ರಾಯ್ಟ್ ಅದರ ತುತ್ತತುದಿ ಅಷ್ಟೇ. ಆದರೂ ಟಿವಿಗೆ ಮಾರಬೇಕಾದ ಸರಕು ಇದು. 1950ರಲ್ಲಿ ಮಿನಿಯಾಪೊಲಿಸ್‌ನ ಪ್ರೇಕ್ಷಕರು ಕೂಗಿದ್ದನ್ನು ಮಾಲೀಕರು ಮರೆತಿರಲಿಲ್ಲವೆನ್ನಿ.

2004-05ರ ಋತುವಿಗೆ ಲೀಗ್ ಹೊಸ ಕಟ್ಟಪ್ಪಣೆ ಹೊರಡಿಸಿತು. ಚೆಂಡು ಹೊತ್ತು ಬರುವವನ ಮೈಮೇಲೆ ಕೈಯಿಟ್ಟು ಅವನ ದಾರಿ ತಿರುಗಿಸುವುದಕ್ಕೆ ಇನ್ನು ಕಟ್ಟುನಿಟ್ಟಾಗಿ ಫೌಲ್. ಮುಂಚೂಣಿಯ ಗಾರ್ಡುಗಳ ಆಯುಧವನ್ನೇ ಕಿತ್ತುಕೊಂಡಂತಾಯಿತು. ಒಂದೇ ವರ್ಷದಲ್ಲಿ ಸರಾಸರಿ 97.2ಕ್ಕೆ ಏರಿತು. ಅದಾದ ಎರಡು ದಶಕಕ್ಕೆ ಅದು 114ರ ಆಸುಪಾಸು ಮುಟ್ಟಿತು. ಒಂದು ಪಂದ್ಯದಲ್ಲಿ ಎದುರಾಳಿಯನ್ನು 70ರೊಳಗೆ ಹಿಡಿಯುವುದೇ ಸುದ್ದಿಯಾಗುವ ಕಾಲ ಬಂತು.

ಹೊಸ ಕಟ್ಟಳೆಯ ಮೊದಲ ವರ್ಷವೂ ಪಿಸ್ಟನ್ಸ್ ಅದೇ ಐವರೊಂದಿಗೆ ಫೈನಲ್ ತಲುಪಿ, ಏಳನೆಯ ಪಂದ್ಯದವರೆಗೆ ಹೋರಾಡಿ ಸ್ಯಾನ್ ಆಂಟೋನಿಯೊ ಎದುರು ಸೋತಿತು. ಅವರು ಆಡುತ್ತಿದ್ದ ಆಬರ್ನ್ ಹಿಲ್ಸ್‌ನ ಕ್ರೀಡಾಂಗಣವನ್ನು 2020ರಲ್ಲಿ ಕೆಡವಲಾಯಿತು. ಡ್ರಾಫ್ಟಿನಲ್ಲಿ ಯಾರೂ ಕೇಳದಿದ್ದ ಬೆನ್ ವ್ಯಾಲೇಸ್ 2005 ಮತ್ತು 2006ರಲ್ಲಿ ಮತ್ತೆರಡು ಬಾರಿ ಶ್ರೇಷ್ಠ ರಕ್ಷಣಾ ಆಟಗಾರನಾದ. 2021ರಲ್ಲಿ ಅವನನ್ನು ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡರು. ವೃತ್ತಿಜೀವನದಲ್ಲಿ ಪಂದ್ಯಕ್ಕೆ ಆರು ಅಂಕವನ್ನೂ ಗಳಿಸದೆ ಆ ಬಾಗಿಲು ದಾಟಿದವನು ಅವನು.