ಎರಡು ಗ್ರಾಂ ಗಾಂಜಾ, ಹನ್ನೆರಡು ಜನ

ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಮಿಝೂಲಾ ಅಂತ ಒಂದು ಊರಿದೆ. 2010ರ ಡಿಸೆಂಬರಿನಲ್ಲಿ ಅಲ್ಲಿನ ಕೋರ್ಟಿಗೆ ಒಂದು ಗಾಂಜಾ ಕೇಸು ಬಂತು. ಗಾಂಜಾ ಮಾರಿದ್ದು ಒಂದು ಆರೋಪ, ಮನೆಯಲ್ಲಿ ಇಟ್ಟುಕೊಂಡಿದ್ದು ಇನ್ನೊಂದು. ಪೊಲೀಸರು ಮನೆ ಜಾಲಾಡಿದಾಗ ಸಿಕ್ಕಿದ್ದು ಒಂದು ಔನ್ಸಿನಲ್ಲಿ ಹದಿನಾರನೇ ಒಂದು ಪಾಲು, ಅಂದರೆ ಎರಡು ಗ್ರಾಮಿಗೂ ಕಮ್ಮಿ. ಜ್ಯೂರಿಗೆ ಹನ್ನೆರಡು ಜನರನ್ನು ಆರಿಸೋಕೆ ಅಂತ 27 ಜನರನ್ನು ಕರೆಸಿದ್ದರು. ಅವರಲ್ಲಿ ಕೆಲವರು, ಇಷ್ಟಕ್ಕೆಲ್ಲ ಕೋರ್ಟಿನ ಸಮಯ, ನಮ್ಮ ತೆರಿಗೆ ದುಡ್ಡು ಯಾಕೆ ಹಾಳು ಮಾಡ್ತೀರಿ ಅಂತ ಕೇಳಿಬಿಟ್ಟರು. ನ್ಯಾಯಾಧೀಶರು ವಿಚಾರಿಸಿ ನೋಡಿದರೆ, ಸುಮಾರು ಐದು ಜನ ‘ಇಷ್ಟು ಗಾಂಜಾಕ್ಕೆ ನಾವಂತೂ ಯಾರನ್ನೂ ಅಪರಾಧಿ ಅನ್ನಲ್ಲ’ ಅಂತ ಖಡಾಖಂಡಿತ ಹೇಳಿದರು. ಕೋರ್ಟಿಗೆ ಬಿಡುವು ಕೊಟ್ಟರು, ಎರಡೂ ಕಡೆ ವಕೀಲರು ರಾಜಿಗೆ ಕೂತರು. ಆರೋಪಿ ಬಿಡುಗಡೆ ಏನೂ ಆಗಲಿಲ್ಲ, ತಪ್ಪು ಮಾಡಿದ್ದೇನೆ ಅನ್ನದೆಯೇ ಶಿಕ್ಷೆಗೆ ಒಪ್ಪಿಕೊಂಡ. ಆದರೆ ವಿಚಾರಣೆ ನಡೆಯಲೇ ಇಲ್ಲ.

ಪೇಪರಿನವರು ಇದನ್ನು ದಂಗೆ ಅಂತ ಬರೆದರು. ನನಗೆ ಹಾಗನ್ನಿಸಲಿಲ್ಲ. 2006ರಲ್ಲೇ ಆ ಕೌಂಟಿಯ ಜನ, ವಯಸ್ಕರ ಗಾಂಜಾ ಕೇಸುಗಳು ಪೊಲೀಸರ ಕೆಲಸದ ಪಟ್ಟಿಯಲ್ಲಿ ಕಟ್ಟಕಡೆಗೆ ಇರಲಿ ಅಂತ ಮತ ಹಾಕಿದ್ದರು. ಆಗ ಮತಪೆಟ್ಟಿಗೆಯಲ್ಲಿ ಹೇಳಿದ್ದನ್ನೇ ಈಗ ಕೋರ್ಟಿನಲ್ಲಿ ಹೇಳಿದರು, ಅಷ್ಟೇ.

ಸಾಕ್ಷಿ ಕೇಳಿ, ನಡೆದಿದ್ದು ನಿಜವೋ ಸುಳ್ಳೋ ಅಂತ ಹೇಳೋದು ಜ್ಯೂರಿಯ ಕೆಲಸ, ಕಾನೂನು ಸರಿಯೋ ತಪ್ಪೋ ಅನ್ನೋದು ಅವರಿಗೆ ಬೇಡದ ವಿಷಯ ಅಂತ ಪುಸ್ತಕ ಹೇಳುತ್ತೆ. ನಮ್ಮೂರ ಕಡೆ ಕಟ್ಟೆಯ ಮೇಲೆ ಪಂಚಾಯ್ತಿಗೆ ಕೂತವರು ಹಾಗೆ ಬಿಡಿಸಿ ನೋಡುತ್ತಿರಲಿಲ್ಲ. ತೆಂಗಿನಕಾಯಿ ಕಿತ್ತಿದ್ದು ಹೌದು, ಆದರೆ ಎಷ್ಟು ಕಿತ್ತ, ಯಾಕೆ ಕಿತ್ತ, ಅದಕ್ಕೆ ಎಷ್ಟು ದಂಡ ಹಾಕಿದರೆ ಮನೆ ಉಳಿಯುತ್ತೆ ಅಂತ ಎಲ್ಲವನ್ನೂ ಒಟ್ಟಿಗೇ ತೂಗುತ್ತಿದ್ದರು. ಜ್ಯೂರಿಯ ಇತಿಹಾಸ ಓದ್ತಾ ಹೋದರೆ ಅಲ್ಲಿಯೂ ಜನ ಮಾಡಿದ್ದು ಇದನ್ನೇ.

ಇದರ ಬೇರು 1670ರ ಲಂಡನ್ನಿನಲ್ಲಿದೆ. ವಿಲಿಯಂ ಪೆನ್ ಮತ್ತು ವಿಲಿಯಂ ಮೀಡ್ ಅನ್ನುವ ಇಬ್ಬರು ಕ್ವೇಕರ್ ಪಂಥದವರ ಮೇಲೆ, ಗ್ರೇಸ್‌ಚರ್ಚ್ ಬೀದಿಯಲ್ಲಿ ಗುಂಪು ಸೇರಿಸಿ ಶಾಂತಿ ಕದಡಿದರು ಅಂತ ಕೇಸು. ಜ್ಯೂರಿ ಅಪರಾಧಿ ಅನ್ನಲು ಒಪ್ಪಲಿಲ್ಲ. ಸಿಟ್ಟಾದ ಕೋರ್ಟು ಹನ್ನೆರಡೂ ಜನರನ್ನು ಊಟ, ನೀರು, ಬೆಂಕಿ ಇಲ್ಲದೆ ಎರಡು ರಾತ್ರಿ ಕೂಡಿಹಾಕಿತು. ಆದರೂ ಅವರು ಬಗ್ಗಲಿಲ್ಲ. ತಲೆಗೆ 40 ಮಾರ್ಕ್ ದಂಡ ಬಿತ್ತು. ಎಡ್ವರ್ಡ್ ಬುಶೆಲ್ ಮತ್ತು ಇನ್ನು ಕೆಲವರು ದಂಡ ಕಟ್ಟದೆ ಜೈಲಲ್ಲೇ ಕೂತು ಮೇಲಿನ ಕೋರ್ಟಿಗೆ ಹೋದರು. ಮುಖ್ಯ ನ್ಯಾಯಮೂರ್ತಿ ವಾನ್, ಕೊಟ್ಟ ತೀರ್ಪಿಗಾಗಿ ಜ್ಯೂರಿಯನ್ನು ಶಿಕ್ಷಿಸುವಂತಿಲ್ಲ ಅಂದುಬಿಟ್ಟರು. ಜ್ಯೂರಿ ಇಲ್ಲ ಅಂದರೆ ಇಲ್ಲ, ಯಾಕೆ ಅಂತ ಕೇಳೋ ಹಾಗಿಲ್ಲ.

ಆಮೇಲೆ ಇದು ಬೇರೆ ಬೇರೆ ರೂಪದಲ್ಲಿ ಬಂತು. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಮನೆಯೊಳಗಿಂದ 40 ಶಿಲಿಂಗ್ ಬೆಲೆಯ ಸಾಮಾನು ಕದ್ದರೆ ಗಲ್ಲು. ಹಾಗಾಗಿ ಎಷ್ಟೋ ಜ್ಯೂರಿಗಳು ಬೇಕಂತಲೇ ಮಾಲಿನ ಬೆಲೆ 39 ಶಿಲಿಂಗ್ ಅಂತ ಬರೆದು ಜೀವ ಉಳಿಸಿದವು. ಅಮೆರಿಕದಲ್ಲಿ 1850ರ ಕಾಯ್ದೆ ಓಡಿಬಂದ ಗುಲಾಮರನ್ನು ಹಿಡಿದು ಒಡೆಯರಿಗೆ ಒಪ್ಪಿಸಬೇಕು ಅಂದಾಗ, ಅವರಿಗೆ ನೆರವಾದವರನ್ನು ಶಿಕ್ಷಿಸಲು ಉತ್ತರದ ಹಲವು ಜ್ಯೂರಿಗಳು ಒಪ್ಪಲಿಲ್ಲ. 1920ರಿಂದ 1933ರವರೆಗಿನ ಪಾನನಿಷೇಧದ ಕಾಲದಲ್ಲೂ ಹೆಂಡದ ಕೇಸುಗಳಲ್ಲಿ ಹೀಗೇ ಆಯಿತು.

ಈ ಅಧಿಕಾರವನ್ನು ಕಿತ್ತುಕೊಳ್ಳಲು ಆಗದ ಅಮೆರಿಕದ ಸುಪ್ರೀಂ ಕೋರ್ಟು 1895ರಲ್ಲಿ, ನಡುಸಮುದ್ರದ ಒಂದು ಕೊಲೆ ಕೇಸಿನಲ್ಲಿ, ಬೇರೆ ದಾರಿ ಹಿಡಿಯಿತು. ನ್ಯಾಯಾಧೀಶರು ಹೇಳಿದ ಕಾನೂನನ್ನು ಒಪ್ಪೋದು ಜ್ಯೂರಿಯ ಕರ್ತವ್ಯ ಅಂದಿತು. ಅಲ್ಲಿಂದಾಚೆ, ಬೇಕಾದರೆ ಕಾನೂನನ್ನು ಬದಿಗಿಟ್ಟು ಬಿಡುಗಡೆ ಮಾಡಬಹುದು ಅನ್ನೋದನ್ನು ಫೆಡರಲ್ ಕೋರ್ಟುಗಳು ಜ್ಯೂರಿಗೆ ಹೇಳುವುದೇ ಇಲ್ಲ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ, ಸೌಲಭ್ಯ ಸಿಸ್ಟಮ್ಮಿನಲ್ಲಿ ಇದೆ, ಬಟನ್ ಮಾತ್ರ ಸ್ಕ್ರೀನ್ ಮೇಲೆ ಕಾಣಲ್ಲ.

ಮಾದಕ ವಸ್ತುಗಳ ಕೇಸಿನಲ್ಲಿ ಹೀಗೆ ಮುಚ್ಚಿಡುವುದರ ಬೆಲೆ ಬಹಳ ದೊಡ್ಡದು, ಯಾಕಂದರೆ ಅಲ್ಲಿ ಗ್ರಾಮಿನ ಲೆಕ್ಕದಲ್ಲಿ ವರ್ಷಗಳು ಹೋಗುತ್ತವೆ. 1988ರ ಫೆಡರಲ್ ಕಾಯ್ದೆ ಪ್ರಕಾರ, ಕ್ರ್ಯಾಕ್ ಕೊಕೇನ್ 5 ಗ್ರಾಮಿಗಿಂತ ಜಾಸ್ತಿ ಬರೀ ಇಟ್ಟುಕೊಂಡಿದ್ದರೂ ಕನಿಷ್ಠ 5 ವರ್ಷ ಜೈಲು. ನ್ಯಾಯಾಧೀಶರೂ ಅದನ್ನು ಇಳಿಸುವಂತಿರಲಿಲ್ಲ. ಆ ನಿಯಮ 2010ರಲ್ಲಿ ಹೋಯಿತು. ‘ಹೌದು, ಇವನ ಜೇಬಲ್ಲಿತ್ತು’ ಅಂತ ಹೇಳುವ ಹನ್ನೆರಡು ಜನಕ್ಕೆ, ಆ ಒಂದು ಮಾತಿಗೆ ಎಷ್ಟು ವರ್ಷ ಅಂತ ಸಾಮಾನ್ಯವಾಗಿ ತಿಳಿಸುತ್ತಿರಲಿಲ್ಲ. ಈಗಲೂ ತಿಳಿಸಲ್ಲ.

ತಾನೇ ಹುಡುಕಿ ತಿಳಿದುಕೊಂಡ ಒಬ್ಬಾಕೆಗೆ ಏನಾಯಿತು ನೋಡಿ. 1996ರಲ್ಲಿ ಕೊಲೊರಾಡೊದ ಗಿಲ್ಪಿನ್ ಕೌಂಟಿಯಲ್ಲಿ, ಮೆಥಾಂಫೆಟಮಿನ್ ಇಟ್ಟುಕೊಂಡಿದ್ದಳು ಅಂತ ಹತ್ತೊಂಬತ್ತು ವರ್ಷದ ಹುಡುಗಿಯ ಮೇಲೆ ಕೇಸು. ಜ್ಯೂರಿಯಲ್ಲಿದ್ದ ಒಬ್ಬ ಮಹಿಳೆ ಇಂಟರ್ನೆಟ್ಟಿನಲ್ಲಿ ಶಿಕ್ಷೆ ಎಷ್ಟು ಅಂತ ನೋಡಿ ಉಳಿದವರಿಗೆ ಹೇಳಿದಳು, ಅಪರಾಧಿ ಅನ್ನಲು ಒಪ್ಪಲಿಲ್ಲ. ವಿಚಾರಣೆ ಮುರಿದುಬಿತ್ತು. ಆಮೇಲೆ ಅವಳ ಮೇಲೆಯೇ ನ್ಯಾಯಾಂಗ ನಿಂದನೆಯ ಕೇಸು ಹಾಕಿ 1,200 ಡಾಲರ್ ದಂಡ ವಿಧಿಸಿದರು. ಆಯ್ಕೆಯ ಹೊತ್ತಿನಲ್ಲಿ ತನ್ನ ಹಳೆಯ ಎಲ್‌ಎಸ್‌ಡಿ ಕೇಸನ್ನೂ ಅಭಿಪ್ರಾಯಗಳನ್ನೂ ಮುಚ್ಚಿಟ್ಟಳು ಅನ್ನೋದು ಕಾರಣ. ಜ್ಯೂರಿ ಕೋಣೆಯೊಳಗಿನ ಮಾತುಗಳನ್ನು ಸಾಕ್ಷಿಯಾಗಿ ತೆಗೆದುಕೊಂಡಿದ್ದು ತಪ್ಪು ಅಂತ 1999ರಲ್ಲಿ ಮೇಲ್ಮನವಿ ಕೋರ್ಟು ಅದನ್ನು ರದ್ದು ಮಾಡಿತು. ಬುಶೆಲ್ ಗೆದ್ದು ಮುನ್ನೂರು ವರ್ಷ ದಾಟಿದ ಮೇಲೂ ಅವನ ಜಗಳ ಮುಗಿದಿರಲಿಲ್ಲ.

ಇದಕ್ಕಿಂತ ನನ್ನನ್ನು ಕಾಡಿದ್ದು 2003ರ ಕೇಸು. ಎಡ್ ರೋಸೆಂತಾಲ್ ಅನ್ನುವ ಲೇಖಕ ಕ್ಯಾಲಿಫೋರ್ನಿಯಾದಲ್ಲಿ ರೋಗಿಗಳಿಗಾಗಿ ಗಾಂಜಾ ಬೆಳೆಯುತ್ತಿದ್ದ. ಇದು ಇಟ್ಟುಕೊಂಡ ಕೇಸಲ್ಲ, ಬೆಳೆದ ಕೇಸು. ಓಕ್ಲೆಂಡ್ ನಗರಾಡಳಿತದ ಒಪ್ಪಿಗೆ ಇತ್ತು, 1996ರಿಂದ ರಾಜ್ಯದ ಕಾನೂನೂ ಔಷಧಿಗೆ ಗಾಂಜಾ ಬಳಸಲು ಬಿಟ್ಟಿತ್ತು. ಆದರೆ ಕೇಸು ಫೆಡರಲ್ ಕೋರ್ಟಿನದು, ಅಲ್ಲಿ ಇದ್ಯಾವುದನ್ನೂ ಜ್ಯೂರಿಗೆ ಹೇಳಲು ಬಿಡಲಿಲ್ಲ. ಜ್ಯೂರಿ ಅಪರಾಧಿ ಅಂದಿತು. ಮನೆಗೆ ಹೋದ ಮೇಲೆ ನಿಜ ಗೊತ್ತಾಯಿತು. ಕೆಲವೇ ದಿನಗಳಲ್ಲಿ ಹಲವು ಜ್ಯೂರಿ ಸದಸ್ಯರು ಪತ್ರಕರ್ತರ ಮುಂದೆ ಬಂದು ತಮ್ಮದೇ ತೀರ್ಪನ್ನು ಖಂಡಿಸಿ ಕ್ಷಮೆ ಕೇಳಿದರು. ನ್ಯಾಯಾಧೀಶರು ಕೊನೆಗೆ ಒಂದೇ ದಿನದ ಜೈಲುಶಿಕ್ಷೆ ಕೊಟ್ಟರು, ಅದನ್ನೂ ಆತ ಆಗಲೇ ಕಳೆದಿದ್ದ. ಅರ್ಧ ಸತ್ಯ ಕೊಟ್ಟು ಪೂರ್ತಿ ತೀರ್ಪು ಬರೆಸಿಕೊಂಡರೆ ಆ ಪಾಪ ಯಾರ ತಲೆಗೆ ಅಂತ ಯೋಚಿಸ್ತಾ ಕೂತುಬಿಟ್ಟೆ.

ಜನರ ಕೈಗೆ ಕೊಟ್ಟರೆ ನ್ಯಾಯ ಸಿಗುತ್ತೆ ಅಂತ ನಾನು ಹೇಳ್ತಿಲ್ಲ. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಅನ್ನುವ ಹದಿನಾಲ್ಕು ವರ್ಷದ ಕಪ್ಪು ಹುಡುಗನನ್ನು ಕೊಂದವರನ್ನು, ಬರೀ ಬಿಳಿಯರೇ ಇದ್ದ ಜ್ಯೂರಿ ಒಂದು ಗಂಟೆ ಚಿಲ್ಲರೆ ಸಮಯದಲ್ಲಿ ಬಿಟ್ಟು ಕಳಿಸಿತು. ನಮ್ಮೂರ ಕಟ್ಟೆಯ ಮೇಲೂ ಯಾರು ಕೂರುತ್ತಿದ್ದರು, ಯಾರು ಕೆಳಗೆ ಕೈಕಟ್ಟಿ ನಿಲ್ಲುತ್ತಿದ್ದರು ಅಂತ ನಮಗೆಲ್ಲ ಗೊತ್ತಿದೆ.

ನಮ್ಮಲ್ಲಿ ಜ್ಯೂರಿ ಇಲ್ಲ. 1959ರ ನಾನಾವತಿ ಕೇಸಿನಲ್ಲಿ ಜ್ಯೂರಿ 8-1ರಲ್ಲಿ ಬಿಡುಗಡೆ ಅಂದಿದ್ದನ್ನು ಬಾಂಬೆ ಹೈಕೋರ್ಟು ತಳ್ಳಿಹಾಕಿತು, 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಇರಲಿಲ್ಲ. 1985ರ ಮಾದಕ ವಸ್ತು ಕಾಯ್ದೆಯ ಕೇಸುಗಳನ್ನು ನ್ಯಾಯಾಧೀಶರೊಬ್ಬರೇ ತೀರ್ಮಾನಿಸುತ್ತಾರೆ. ಗಾಂಜಾ ಒಂದು ಕಿಲೋವರೆಗೆ ಇದ್ದರೆ ಸಣ್ಣ ಪ್ರಮಾಣ, 20 ಕಿಲೋ ದಾಟಿದರೆ ಕನಿಷ್ಠ 10 ವರ್ಷ. ಇಲ್ಲೂ ತೂಕದ್ದೇ ಲೆಕ್ಕ.

ಅಮೆರಿಕದಲ್ಲೂ ಈಗ ಹನ್ನೆರಡು ಜನ ಕೂರುವುದು ಅಪರೂಪ. 2018ರಲ್ಲಿ ಫೆಡರಲ್ ಆರೋಪಿಗಳಲ್ಲಿ ವಿಚಾರಣೆವರೆಗೆ ಹೋದವರು ನೂರಕ್ಕೆ ಬರೀ ಎರಡು ಜನ, ತೊಂಬತ್ತು ಜನ ತಪ್ಪೊಪ್ಪಿಕೊಂಡರು. ವಿಚಾರಣೆಗೆ ಹೋಗಿ ಸೋತರೆ ದೊಡ್ಡ ಶಿಕ್ಷೆ, ಈಗಲೇ ಒಪ್ಪಿಕೊಂಡರೆ ಚಿಕ್ಕದು ಅನ್ನುವ ಹೆದರಿಕೆ ಇದ್ದಾಗ ಜ್ಯೂರಿಯ ಮುಂದೆ ಹೋಗುವ ಧೈರ್ಯ ಯಾರಿಗಿರುತ್ತೆ? ಅದಕ್ಕೇ ಮಿಝೂಲಾದ ಆ ಐದು ಜನ ನನಗೆ ಮುಖ್ಯ ಅನ್ನಿಸೋದು. ಅವರು ಯಾರನ್ನೂ ಬಿಡಿಸಲಿಲ್ಲ, ಜ್ಯೂರಿಯ ಕುರ್ಚಿಯಲ್ಲಿ ಕೂರಲೂ ಇಲ್ಲ. ಈ ಕೇಸು ನಮ್ಮ ಹೆಸರಿನಲ್ಲಿ ನಡೀತಿದೆ, ಹಾಗಾಗಿ ನಮ್ಮನ್ನೂ ಒಂದು ಮಾತು ಕೇಳಿ ಅಂದರು.