ಬೈಕ್‌ಪ್ಯಾಕಿಂಗ್ ಎಂದರೇನು? ಮುಂಬೈನ ಫೋರ್ಟ್‌ನಿಂದ ಕರಾವಳಿಗೆ ಸೈಕಲ್ ದಾರಿ, ಗ್ರಾವೆಲ್ ಬೈಕ್‌ನಲ್ಲಿ ಏನೇನು ಬದಲಿಸಬೇಕು?

ಮುಂಬೈ: ಸೈಕಲ್‌ಗೆ ಚೀಲ ಬಿಗಿದು, ಡಾಂಬರು ಮುಗಿದ ಮೇಲೂ ಮುಂದೆ ಸಾಗುವ, ಕತ್ತಲಾದಲ್ಲಿ ತಂಗುವ ಪ್ರಯಾಣವನ್ನು ಈಗ ಬೈಕ್‌ಪ್ಯಾಕಿಂಗ್ ಎಂದು ಕರೆಯುತ್ತಾರೆ. ಇದಕ್ಕೆಂದೇ ದಪ್ಪ ಟೈರಿನ ಗ್ರಾವೆಲ್ ಬೈಕ್‌ಗಳು ಭಾರತದ ಅಂಗಡಿಗಳಿಗೂ ಬಂದಿವೆ. ಹೆಸರು ಹೊಸದು, ಬೆಲೆಯೂ ಹೊಸದು. ಆದರೆ ಮುಂಬೈಗೆ ಈ ಹುಚ್ಚು ಹಿಡಿದು ನೂರು ವರ್ಷ ದಾಟಿದೆ. ಫೋರ್ಟ್ ಪ್ರದೇಶದ ಓವಲ್ ಮೈದಾನಕ್ಕೂ ಅದಕ್ಕೂ ನೇರ ಸಂಬಂಧವಿದೆ.

ಓವಲ್ ಮೈದಾನದ ಒಂದು ಭಾಷಣ

1920ರಲ್ಲಿ ಯುರೋಪಿನಿಂದ ಭಾರತಕ್ಕೆ ಕಾಲ್ನಡಿಗೆಯಲ್ಲಿ ಬಂದಿದ್ದ ಫ್ರೆಂಚ್ ವ್ಯಕ್ತಿಯೊಬ್ಬರು ಓವಲ್ ಮೈದಾನದಲ್ಲಿ ಭಾಷಣ ಮಾಡಿದರು. ಅದನ್ನು ಕೇಳಿದ ಪಾರ್ಸಿ ಯುವಕರಲ್ಲಿ ನಾವೂ ಯಾಕೆ ಹೋಗಬಾರದು ಎಂಬ ಆಸೆ ಹುಟ್ಟಿತು. ಬಾಂಬೆ ವೇಟ್‌ಲಿಫ್ಟಿಂಗ್ ಕ್ಲಬ್‌ನ ಆರು ಮಂದಿ ಸದಸ್ಯರು 1923ರ ಅಕ್ಟೋಬರ್ 15ರಂದು ಸೈಕಲ್ ಏರಿ ನಗರ ಬಿಟ್ಟರು. ಅವರು ಅದಿ ಹಕೀಂ, ಜಾಲ್ ಬಾಪಾಸೋಲಾ, ರುಸ್ತುಂ ಭುಮ್ಗರಾ, ಗುಸ್ತಾದ್ ಹಾಥಿರಾಂ, ಕೇಕಿ ಪೋಚ್‌ಖಾನಾವಾಲಾ ಮತ್ತು ನಾರಿಮನ್ ಕಪಾಡಿಯಾ. ಏರಿದ್ದು ಬ್ರಿಟಿಷ್ ತಯಾರಿಕೆಯ ರಾಯಲ್ ಬೆನ್ಸನ್ ಸೈಕಲ್‌ಗಳನ್ನು.

ಪಂಜಾಬ್, ಬಲೂಚಿಸ್ತಾನ ದಾಟಿ ಇರಾನ್, ಅಲ್ಲಿಂದ ಬಾಗ್ದಾದ್. ಬಾಗ್ದಾದ್‌ನಿಂದ ಅಲೆಪ್ಪೊವರೆಗಿನ ಸುಮಾರು 950 ಕಿ.ಮೀ ಮರಳುಗಾಡನ್ನು ಅವರು 23 ದಿನಗಳಲ್ಲಿ ದಾಟಿದರು. ನಂತರ ಆಲ್ಪ್ಸ್ ಹತ್ತಿ ಯುರೋಪ್ ಸುತ್ತಿ, ಅಮೆರಿಕ, ಜಪಾನ್, ಕೊರಿಯಾ, ಚೀನಾ, ಇಂಡೋಚೀನಾ, ಸಯಾಂ, ಬರ್ಮಾ ಮೂಲಕ ಅಸ್ಸಾಂಗೆ ಬಂದರು. ಎಲ್ಲರೂ ಮರಳಲಿಲ್ಲ. ಕಪಾಡಿಯಾ ತೆಹರಾನ್‌ನಿಂದಲೇ ಊರಿಗೆ ಹಿಂದಿರುಗಿದರು. ಹಾಥಿರಾಂ ಅಮೆರಿಕದಲ್ಲೇ ನೆಲೆಸಲು ತೀರ್ಮಾನಿಸಿದರು. ಅದರಿಂದ ಮನಸ್ಸು ಮುರಿದ ಪೋಚ್‌ಖಾನಾವಾಲಾ ಕೂಡ ತಂಡ ಬಿಟ್ಟರು. ಉಳಿದ ಮೂವರು 1928ರ ಮಾರ್ಚ್ 18ರಂದು ಬಾಂಬೆಗೆ ಮರಳಿದಾಗ 71,000 ಕಿ.ಮೀ ತುಳಿದಿದ್ದರು. ಅವರು ಬರೆದ 'ವಿತ್ ಸೈಕ್ಲಿಸ್ಟ್ಸ್ ಅರೌಂಡ್ ದಿ ವರ್ಲ್ಡ್' ಪುಸ್ತಕಕ್ಕೆ ಜವಾಹರಲಾಲ್ ನೆಹರೂ ಮುನ್ನುಡಿ ಬರೆದರು.

ಅವರ ಹಿಂದೆಯೇ 1924ರಲ್ಲಿ ಫ್ರಾಮ್ರೋಜ್ ದಾವರ್ ಒಬ್ಬರೇ ಹೊರಟರು. ವಿಯೆನ್ನಾದಲ್ಲಿ ಸಿಕ್ಕ ಆಸ್ಟ್ರಿಯಾದ ಸೈಕಲ್ ಸವಾರ ಗುಸ್ತಾವ್ ಸ್ಟಾವ್ಯಾನಿಕ್ ಜೊತೆಗೂಡಿ ಸಹಾರಾ ಮರುಭೂಮಿ, ಆಂಡಿಸ್ ಪರ್ವತ, ಅಮೆಜಾನ್ ಕಾಡು ದಾಟಿ 1931ರಲ್ಲಿ ಮನೆ ಸೇರಿದರು. 1933ರಲ್ಲಿ ಹೊರಟ ಕೇಕಿ ಖರಾಸ್, ರುಸ್ತಂ ಘಂಡಿ, ರತನ್ ಶ್ರಾಫ್ ಅವರ ತಂಡ ಮರಳಿದ್ದು 1942ರಲ್ಲಿ, ಎರಡನೇ ಮಹಾಯುದ್ಧದ ನಡುವೆ.

ಈ ಸವಾರರಿಗೆ ಮ್ಯಾಪ್ ಆ್ಯಪ್ ಇರಲಿಲ್ಲ, ಟ್ಯೂಬ್‌ಲೆಸ್ ಟೈರ್ ಇರಲಿಲ್ಲ. ಇವತ್ತು ಬೈಕ್‌ಪ್ಯಾಕಿಂಗ್ ಇತಿಹಾಸ ಹೇಳುವವರು ಅಮೆರಿಕದಿಂದ ಶುರುಮಾಡುವುದೇ ಹೆಚ್ಚು. ಪದದ ಮಟ್ಟಿಗೆ ಅದು ಸರಿ. 1973ರ ಮೇ ತಿಂಗಳ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಅಲಾಸ್ಕಾ ಮತ್ತು ಕೆನಡಾ ಸೈಕಲ್ ಪ್ರಯಾಣದ ಲೇಖನದ ಶೀರ್ಷಿಕೆಯಲ್ಲೇ 'ಬೈಕ್‌ಪ್ಯಾಕಿಂಗ್' ಎಂದಿತ್ತು. ಕೆಲಸದ ಮಟ್ಟಿಗೆ ನೋಡಿದರೆ ಬಾಂಬೆಯವರು ಅದಕ್ಕಿಂತ ಐವತ್ತು ವರ್ಷ ಮೊದಲೇ ಹೊರಟಿದ್ದರು.

ಗ್ರಾವೆಲ್ ಬೈಕ್: ರೋಡ್ ಬೈಕ್ ಅಲ್ಲ, ಎಂಟಿಬಿಯೂ ಅಲ್ಲ

ನೋಡಲು ರೇಸ್ ಸೈಕಲ್‌ನಂತೆ ಬಾಗಿದ ಹ್ಯಾಂಡಲ್. ಆದರೆ ಟೈರ್ ಅಗಲ 38ರಿಂದ 45 ಮಿ.ಮೀ. ಡಿಸ್ಕ್ ಬ್ರೇಕ್, ಸ್ವಲ್ಪ ಉದ್ದನೆಯ ಚಕ್ರಾಂತರ, ಚೀಲ ಮತ್ತು ಬಾಟಲಿ ಕಟ್ಟಲು ಫ್ರೇಮಿನ ತುಂಬ ಬೋಲ್ಟ್ ರಂಧ್ರಗಳು. ಅಮೆರಿಕದ ಕಾನ್ಸಾಸ್‌ನ ಜಲ್ಲಿ ರಸ್ತೆಗಳಲ್ಲಿ 2006ರಲ್ಲಿ ಶುರುವಾದ ರೇಸ್, ಈಗಿನ ಅನ್‌ಬೌಂಡ್ ಗ್ರಾವೆಲ್, ಈ ಮಾದರಿಗೆ ಹೆಸರು ತಂದಿತು. ಜಪಾನಿನ ಶಿಮಾನೊ ಕಂಪನಿ ಗ್ರಾವೆಲ್‌ಗೆಂದೇ ಜಿಆರ್‌ಎಕ್ಸ್ ಎಂಬ ಬಿಡಿಭಾಗಗಳ ಸರಣಿ ತಂದಿದ್ದು 2019ರಲ್ಲಿ.

ಅದಕ್ಕೂ ಮೊದಲು ಕೈಯಿಂದ ಜೋಡಿಸಿಕೊಳ್ಳುವವರಿದ್ದರು, ಈಗಲೂ ಇದ್ದಾರೆ. ಹಳೆಯ ಸ್ಟೀಲ್ ಎಂಟಿಬಿ ಅಥವಾ ಹೈಬ್ರಿಡ್‌ಗೆ ಬಾಗಿದ ಹ್ಯಾಂಡಲ್ ಹಾಕಿ ಗ್ರಾವೆಲ್ ಬೈಕ್ ಮಾಡುವುದು ಅಗ್ಗದ ದಾರಿ. ಇಲ್ಲಿ ಬಹಳ ಮಂದಿ ಎಡವುವುದು ಗೇರ್‌ನಲ್ಲಿ. ಶಿಮಾನೊದ 9 ಸ್ಪೀಡ್‌ವರೆಗಿನ ರೋಡ್ ಶಿಫ್ಟರ್ ಮತ್ತು ಎಂಟಿಬಿ ಹಿಂದಿನ ಡಿರೇಲರ್ ಒಂದಕ್ಕೊಂದು ಹೊಂದುತ್ತವೆ. 10 ಸ್ಪೀಡ್‌ನಿಂದ ಕೇಬಲ್ ಎಳೆಯುವ ಪ್ರಮಾಣವೇ ಬೇರೆಯಾಯಿತು. ಅದು ತಿಳಿಯದೆ ಎರಡನ್ನೂ ಕೊಂಡರೆ ಗೇರ್ ಒಂದು ಜಾಗದಲ್ಲಿ ಕೂರುವುದಿಲ್ಲ, ಎಷ್ಟು ತಿರುಗಿಸಿದರೂ ಸರಿಹೋಗುವುದಿಲ್ಲ. ಟೈರ್ ಕೊಳ್ಳುವ ಮೊದಲು ಫೋರ್ಕ್ ಮತ್ತು ಹಿಂದಿನ ಫ್ರೇಮಿನ ನಡುವಿನ ಜಾಗ ಅಳೆಯಬೇಕು. ಟೈರಿನ ಎರಡೂ ಕಡೆ ಕನಿಷ್ಠ 4–5 ಮಿ.ಮೀ ಬಿಡದಿದ್ದರೆ ಒದ್ದೆ ಕೆಮ್ಮಣ್ಣು ಅಂಟಿ ಚಕ್ರವೇ ತಿರುಗದು.

ಘಾಟಿ ಏರಲು ಎಷ್ಟು ಹಲ್ಲು?

ಗೇರ್ ಲೆಕ್ಕ ಕಷ್ಟದ್ದೇನಲ್ಲ. ಮುಂದಿನ ಹಲ್ಲಿನ ಚಕ್ರದ ಹಲ್ಲುಗಳನ್ನು ಹಿಂದಿನ ಹಲ್ಲುಗಳಿಂದ ಭಾಗಿಸಿ ಟೈರಿನ ಸುತ್ತಳತೆಯಿಂದ ಗುಣಿಸಿದರೆ, ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ ಎಷ್ಟು ದೂರ ಹೋಗುತ್ತದೆ ಎಂಬುದು ಸಿಗುತ್ತದೆ. ಮುಂದೆ 44, ಹಿಂದೆ 18 ಹಲ್ಲಿರುವ ಹಳೆಯ ಕಪ್ಪು ಸೈಕಲ್ ಒಂದು ಸುತ್ತಿಗೆ ಸುಮಾರು 5.4 ಮೀಟರ್ ಹೋಗುತ್ತದೆ. ಸಪಾಟು ರಸ್ತೆಗೆ ಸರಿ, ಹೊರೆ ಹೊತ್ತು ಏರು ಹತ್ತಲು ಇಳಿದು ತಳ್ಳಬೇಕು. ಮುಂದೆ 40, ಹಿಂದೆ 42 ಹಲ್ಲಿರುವ ಗ್ರಾವೆಲ್ ಬೈಕ್ ಅದೇ ಸುತ್ತಿಗೆ ಸುಮಾರು 2.1 ಮೀಟರ್ ಮಾತ್ರ ಸಾಗುತ್ತದೆ. ನಿಧಾನ, ಆದರೆ ಕೂತೇ ಹತ್ತಬಹುದು. ಕೊಂಕಣದ ಏರುಗಳು ಉದ್ದವಲ್ಲ, ಕಡಿದು. ಪ್ರತಿ ಅಳಿವೆ ದಾಟಿದ ಮೇಲೂ ಒಂದು ಗುಡ್ಡ ಕಾದಿರುತ್ತದೆ. ಅಂಗಡಿಯವರು ಹೊಗಳುವ ದೊಡ್ಡ ಮುಂದಿನ ಚಕ್ರಕ್ಕಿಂತ ಹಿಂದಿನ ದೊಡ್ಡ ಕ್ಯಾಸೆಟ್‌ಗೆ ಹಣ ಹಾಕುವುದು ಜಾಣತನ.

ಟೈರ್ ಗಾಳಿಯಲ್ಲಿ ಎಲ್ಲರಿಗೂ ಒಂದೇ ತಪ್ಪು: ಕಲ್ಲಿನಂತೆ ಗಟ್ಟಿ ತುಂಬಿಸುವುದು. 40 ಮಿ.ಮೀ ಟ್ಯೂಬ್‌ಲೆಸ್ ಟೈರಿಗೆ, ಸಾಮಾನು ಸಹಿತ ಮಧ್ಯಮ ತೂಕದ ಸವಾರನಿಗೆ 35–40 ಪಿಎಸ್‌ಐ ಸಾಕು. ಟ್ಯೂಬ್‌ಲೆಸ್‌ನ ಒಳಗಿನ ಸೀಲೆಂಟ್ ದ್ರವ ನಮ್ಮ ಸೆಕೆಗೆ ಎರಡು ಮೂರು ತಿಂಗಳಲ್ಲಿ ಒಣಗುತ್ತದೆ. ಹೊರಡುವ ಮುನ್ನ ಸೈಕಲ್ ಅಲ್ಲಾಡಿಸಿ ದ್ರವದ ಸದ್ದು ಕೇಳದಿದ್ದರೆ ಹೊಸದು ಹಾಕಬೇಕು. ಎಷ್ಟೇ ಇರಲಿ, ಒಂದು ಟ್ಯೂಬ್ ಚೀಲದಲ್ಲಿರಲಿ. ಹಳ್ಳಿಯ ಪಂಕ್ಚರ್ ಅಂಗಡಿಯವರಿಗೆ ಟ್ಯೂಬ್ ಗೊತ್ತು, ಸೀಲೆಂಟ್ ಗೊತ್ತಿರಬೇಕೆಂದೇನಿಲ್ಲ.

ಇದೇ ಕಾರಣಕ್ಕೆ ದೂರದ ದಾರಿಗೆ ಹೈಡ್ರಾಲಿಕ್‌ಗಿಂತ ಕೇಬಲ್‌ನಿಂದ ನಡೆಯುವ ಡಿಸ್ಕ್ ಬ್ರೇಕ್ ಒಳ್ಳೆಯದು ಎನ್ನುವವರಿದ್ದಾರೆ. ಹಿಡಿತ ಸ್ವಲ್ಪ ಕಡಿಮೆಯಾದರೂ ಕೇಬಲ್ ತುಂಡಾದರೆ ಯಾವ ಊರಲ್ಲೂ ಬದಲಿಸಬಹುದು. ಮಳೆ, ಮರಳಿನ ದಾರಿಗೆ ರೆಸಿನ್ ಪ್ಯಾಡ್ ಬೇಗ ಸವೆಯುತ್ತದೆ, ಲೋಹದ ಸಿಂಟರ್ಡ್ ಪ್ಯಾಡ್ ಬಾಳುತ್ತದೆ. ಆದರೆ ಡಿಸ್ಕ್ ಮೇಲೆ 'ರೆಸಿನ್ ಓನ್ಲಿ' ಎಂದಿದ್ದರೆ ಅದನ್ನು ಹಾಕುವಂತಿಲ್ಲ. ಹಿಂದಿನ ಡಿರೇಲರ್ ಕೂರುವ ಹ್ಯಾಂಗರ್ ಎಂಬ ಚಿಕ್ಕ ಅಲ್ಯೂಮಿನಿಯಂ ತುಂಡು ಹಲವು ಮಾದರಿಗಳಲ್ಲಿ ಬೇರೆ ಬೇರೆ. ಸೈಕಲ್ ಬಿದ್ದಾಗ ಮೊದಲು ಬಾಗುವುದೂ ಅದೇ. ಎರಡನೆಯದೊಂದು ಜೊತೆಗಿರಲೇಬೇಕು.

ಫೋರ್ಟ್‌ನಿಂದ ದೋಣಿ ಹತ್ತಿ

ಫೋರ್ಟ್‌ನಲ್ಲಿ ಮನೆ ಅಥವಾ ಕೆಲಸ ಇರುವವರಿಗೆ ಒಂದು ಅನುಕೂಲವಿದೆ. ನಗರದ ಟ್ರಾಫಿಕ್‌ನಲ್ಲಿ ಪನ್ವೇಲ್‌ವರೆಗೆ ತುಳಿಯದೆ ನೇರ ಸಮುದ್ರ ದಾಟಬಹುದು. 2024ರ ಜನವರಿಯಲ್ಲಿ ತೆರೆದ 21.8 ಕಿ.ಮೀ ಉದ್ದದ ಅಟಲ್ ಸೇತುವಿನಲ್ಲಿ ನಿಧಾನ ವಾಹನಗಳಿಗೆ ಪ್ರವೇಶವಿಲ್ಲ. ಸೈಕಲ್‌ಗೆ ಇರುವುದು ದೋಣಿಯೇ. ಗೇಟ್‌ವೇ ಆಫ್ ಇಂಡಿಯಾದಿಂದ ಮಾಂಡ್ವಾಕ್ಕೆ ದೋಣಿಗಳಿವೆ. ಭಾವುಚಾ ಧಕ್ಕಾದಿಂದ 2020ರ ಮಾರ್ಚ್‌ನಲ್ಲಿ ಆರಂಭವಾದ ರೋ-ರೋ ಹಡಗೂ ಮಾಂಡ್ವಾಕ್ಕೆ ಹೋಗುತ್ತದೆ.

ಮಾಂಡ್ವಾದಿಂದ ಅಲಿಬಾಗ್, ರೇವದಂಡಾ, ಮುರುಡ್. ಅಗರದಾಂಡಾದಲ್ಲಿ ದೋಣಿ ಹತ್ತಿ ದಿಘಿ. ದಿವೇಆಗರ್, ಶ್ರೀವರ್ಧನ, ಹರಿಹರೇಶ್ವರ ಕಳೆದು ಬಾಗಮಾಂಡ್ಲಾದಿಂದ ವೇಶ್ವಿಗೆ ಮತ್ತೊಂದು ದೋಣಿ. ದಾಪೋಲಿ ಬಳಿಯ ದಾಭೋಳದಿಂದ ಧೋಪಾವೆಗೆ ಒಂದು, ಗುಹಾಗರ್ ದಾಟಿ ತವಸಾಳದಿಂದ ಜೈಗಡ್‌ಗೆ ಇನ್ನೊಂದು. ಗಣಪತಿಪುಳೆ, ರತ್ನಾಗಿರಿ, ದೇವಗಡ, ಮಾಲ್ವಣ, ವೆಂಗುರ್ಲಾ ಆದ ಮೇಲೆ ತೆರೇಖೋಲ್ ನದಿ ದಾಟಿದರೆ ಗೋವಾ. ಕಾರವಾರದ ಈಚೆಗೆ ಕನ್ನಡ ನಾಡು. ಗೋಕರ್ಣದ ಸವಾರರು ತದಡಿಯಿಂದ ಅಘನಾಶಿನಿಗೆ ದೋಣಿಯಲ್ಲಿ ದಾಟಿ ಕುಮಟಾ ಸೇರಬಹುದು. ಮುಂದೆ ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಉಡುಪಿ, ಮಂಗಳೂರಿನಿಂದ ಮುಂಬೈಗೆ ಬಂದು ಹೋಟೆಲ್, ಕಚೇರಿ ಸೇರಿದ ಮನೆತನಗಳಿಗೆ ಇದು ಊರಿಗೆ ಹೋಗುವ ದಾರಿಯೂ ಹೌದು. ಬಸ್ಸು, ರೈಲು ಕಾಣಿಸದ ಊರುಗಳೆಲ್ಲ ಇದರಲ್ಲಿ ಸಿಗುತ್ತವೆ.

ಪನ್ವೇಲ್‌ನಿಂದ ಬರುವ ರಾಷ್ಟ್ರೀಯ ಹೆದ್ದಾರಿ 66 ಹತ್ತಿರದ ದಾರಿ, ಆದರೆ ಲಾರಿಗಳ ಪಕ್ಕದಲ್ಲಿ ತುಳಿಯಬೇಕು. ಕರಾವಳಿ ರಸ್ತೆ ನಿಧಾನ, ಸುರಕ್ಷಿತ. ಆದರೆ ಅದೂ ಹೀಗೇ ಉಳಿಯುವುದಿಲ್ಲ. ರೇವಸ್–ರೆಡ್ಡಿ ಕರಾವಳಿ ಹೆದ್ದಾರಿ ಯೋಜನೆಯಲ್ಲಿ ಅಳಿವೆಗಳ ಮೇಲೆ ಸೇತುವೆಗಳು ಬರಲಿವೆ. ಆಸ್ಪತ್ರೆಗೆ ಹೋಗಲು ದೋಣಿ ಕಾಯುವ ಸ್ಥಳೀಯರಿಗೆ ಸೇತುವೆ ಬೇಕು. ಸೈಕಲ್ ಸವಾರರಿಗೆ ಮಾತ್ರ, ವಾಹನ ಕಡಿಮೆ ಇರುವ ಈ ರಸ್ತೆಯನ್ನು ನೋಡಲು ಉಳಿದ ಸಮಯ ಹೆಚ್ಚಿಲ್ಲ.

ಹೊರಡಲು ನವೆಂಬರ್‌ನಿಂದ ಫೆಬ್ರವರಿ ಸೂಕ್ತ. ಆ ತಿಂಗಳುಗಳಲ್ಲಿ ಮಧ್ಯಾಹ್ನದ ಕಡಲ ಗಾಳಿ ಸಾಮಾನ್ಯವಾಗಿ ವಾಯವ್ಯದಿಂದ ಬೀಸುವುದರಿಂದ ದಕ್ಷಿಣಕ್ಕೆ ಹೋಗುವವರಿಗೆ ಬೆನ್ನಿಗೆ ಸಿಗುತ್ತದೆ. ಮಳೆಗಾಲದಲ್ಲಿ ಗೇಟ್‌ವೇ–ಮಾಂಡ್ವಾ ದೋಣಿ ನಿಲ್ಲುತ್ತದೆ. ಉಪ್ಪು ಗಾಳಿಗೆ ಚೈನು ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯಬಹುದು. ದಿನದ ಕೊನೆಗೆ ಸಿಹಿನೀರಲ್ಲಿ ತೊಳೆದು, ಒರೆಸಿ, ಎಣ್ಣೆ ಬಿಡಬೇಕು. ಸೀಟಿನ ಕಂಬಕ್ಕೆ ಗ್ರೀಸ್ ಹಚ್ಚದೆ ಹೊರಟರೆ, ಉಪ್ಪು ಹಿಡಿದು ಅದು ಫ್ರೇಮಿನೊಳಗೆ ಕಚ್ಚಿಕೊಂಡುಬಿಡುತ್ತದೆ. ಆಮೇಲೆ ಸುತ್ತಿಗೆಯಿಂದ ಹೊಡೆದರೂ ಬರುವುದಿಲ್ಲ.